ಮರದ ವೇಷದ ಚಿಮಣಿ

ಊರಿನಲ್ಲಿ ಬೇಸಿಗೆ ರಜೆ ಶುರುವಾಯಿತೆಂದರೆ ಸಿಂಗಪುರದ ನಮ್ಮ ಮನೆಗಳಿಗೆ ನೆಂಟರು ಬರುತ್ತಾರೆ. ನೆಂಟರು ಬಂದರೆಂದರೆ ಗಾರ್ಡನ್ಸ್ ಬೈ ದ ಬೇ ಉದ್ಯಾನ. ಫ್ಲವರ್ ಡೋಮ್ ಎಂಬ ಗಾಜಿನ ಹೂವಿನ ಗುಮ್ಮಟದ ಮುಂದೊಂದು ಫೋಟೊ, ಪಕ್ಕದ ಗಾಜಿನ ಮನೆ ಕ್ಲೌಡ್ ಫಾರೆಸ್ಟಿನ ಜಲಪಾತದ ಕೆಳಗೊಂದು, ರಾತ್ರಿ 7.45ರ ದೀಪದಾಟಕ್ಕೆ ಮರದಾಕಾರದ ಎತ್ತರದ ಗೋಪುರಗಳಾದ ಸೂಪರ್‌ಟ್ರೀಗಳ ಕೆಳಗೆ ನೆಲದ ಮೇಲೆ ಅಂಗಾತ. ಅಲ್ಲಿಗೆ ಅತಿಥಿ ಸತ್ಕಾರ ಸಂಪನ್ನ.

ಈ ಸಲ ಬಂದ ಚಿಕ್ಕಪ್ಪ ಮಾತ್ರ ಫ್ಲವರ್ ಡೋಮಿನ ಬಾಗಿಲಲ್ಲೇ ನಿಂತು ಶಾಲು ಹೊದ್ದುಕೊಳ್ಳುತ್ತಾ, "ಅಲ್ಲ ಕಣೋ, ಭೂಮಧ್ಯರೇಖೆ ಪಕ್ಕ ಗಾಜಿನ ಮನೆ ಕಟ್ಟಿ, ಅದಕ್ಕೆ ಎಸಿ ಹಾಕಿ, ಪರಿಸರಸ್ನೇಹಿ ಅಂತ ಬೋರ್ಡು ಬೇರೆ ಹಾಕಿದಾರಲ್ಲ?" ಎಂದರು. ಎಷ್ಟೋ ಸಲ ಈ ಬಾಗಿಲು ದಾಟಿದ ನನಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಟಿಕೆಟ್ ತೋರಿಸಿ ಒಳಗೆ ಕರೆದುಕೊಂಡು ಹೋದೆ, ಉತ್ತರ ಹುಡುಕಿದ್ದು ಆಮೇಲೆ.

ಪ್ರಶ್ನೆ ಸರಿಯಾದದ್ದೇ. ಗಾಜಿನ ಮನೆ ಹುಟ್ಟಿದ್ದು ಚಳಿ ದೇಶಗಳಲ್ಲಿ, ಇಷ್ಟಿಷ್ಟೇ ಸಿಗುವ ಬಿಸಿಲನ್ನು ಕೂಡಿಟ್ಟುಕೊಳ್ಳಲು. ಇಲ್ಲಿ ಕೆಲಸ ತಿರುವುಮುರುವು: ಬೆಳಕು ಬೇಕು, ಬಿಸಿ ಬೇಡ. 1.2 ಹೆಕ್ಟೇರ್ ಹರಡಿ 38 ಮೀಟರ್ ಎದ್ದ ಗುಮ್ಮಟಕ್ಕೆ 3,332 ಗಾಜಿನ ಫಲಕಗಳು. ಅವುಗಳ ಮೇಲಿನ ಲೇಪ ಬೆಳಕನ್ನು ಒಳಗೆ ಬಿಟ್ಟು ಶಾಖದ ಬಹುಪಾಲನ್ನು ಹೊರಗೇ ತಡೆಯುತ್ತದೆ. ಬಿಸಿಲು ಹೆಚ್ಚಾದರೆ ಹಾಯಿಯಂಥ ಪರದೆಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಇನ್ನೊಂದು ಜಾಣತನ, ಅಷ್ಟೆತ್ತರದ ಗುಮ್ಮಟವನ್ನು ಪೂರ್ತಿ ತಂಪು ಮಾಡುವ ಗೋಜಿಗೇ ಹೋಗದಿರುವುದು. ನೆಲದೊಳಗಿನ ಕೊಳವೆಗಳಲ್ಲಿ ತಣ್ಣೀರು ಹರಿಯುತ್ತದೆ. ಗಿಡಗಳೂ ನಾವೂ ಇರುವ ಕೆಳಗಿನ ಪದರ ಮಾತ್ರ ತಂಪು. ಬಿಸಿಗಾಳಿ ಮೇಲೇರಿ ಹೊರಬೀಳುತ್ತದೆ.

ಆದರೆ ಇಲ್ಲಿಯ ನಿಜವಾದ ಶತ್ರು ಬಿಸಿಲಲ್ಲ, ತೇವ. ಸಿಂಗಪುರದಲ್ಲಿ ಬಟ್ಟೆ ಒಣಗಿಸಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾಮೂಲಿ ಎಸಿಯು ಗಾಳಿಯ ತೇವ ತೆಗೆಯುವುದು ಅದನ್ನು ವಿಪರೀತ ತಂಪಾಗಿಸಿ ನೀರಿಳಿಸಿ. ವಿದ್ಯುತ್ತು ತಿನ್ನುವ ಕೆಲಸ ಅದೇ. ಇಲ್ಲಿಯವರು ಬೇರೆ ದಾರಿ ಹಿಡಿದಿದ್ದಾರೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರೊಡೆಯುತ್ತದಲ್ಲ, ಅದೇ ಗುಣವುಳ್ಳ ಲವಣದ ದ್ರಾವಣದ ಮೂಲಕ ಗಾಳಿಯನ್ನು ಹಾಯಿಸಿ ಮೊದಲು ತೇವ ಹೀರಿಸುತ್ತಾರೆ, ತಂಪು ಮಾಡುವುದು ಆಮೇಲೆ. ನೀರು ಕುಡಿದ ದ್ರಾವಣವನ್ನು ಮತ್ತೆ ಒಣಗಿಸಲು ಶಾಖ ಬೇಕು. ಅದು ಬರುವುದು ಸೌದೆಯಿಂದ!

ಹೌದು, ಸೌದೆ. ನಾವು ಬಸ್ಸಿಗೆ ಕಾಯುವಾಗ ರಸ್ತೆಬದಿಯ ಮರಗಳ ರೆಂಬೆ ಸವರುತ್ತಿರುತ್ತಾರಲ್ಲ, ಆ ಹಸಿರುಕಸದ ಒಂದು ಪಾಲು ಉದ್ಯಾನದ ಬಾಯ್ಲರಿಗೆ ಹೋಗುತ್ತದೆ. ಉರಿಯಿಂದ ಉಗಿ, ಉಗಿಯಿಂದ ವಿದ್ಯುತ್ತು, ಉಳಿದ ಶಾಖ ದ್ರಾವಣಕ್ಕೆ, ಬೂದಿ ಗಿಡದ ಬುಡಕ್ಕೆ. ಬಾಯ್ಲರಿನ ಚಿಮಣಿ ಎಲ್ಲಿದೆ ಅಂತೀರಾ? ಸೂಪರ್‌ಟ್ರೀಯ ಹೊಟ್ಟೆಯಲ್ಲಿ. 25ರಿಂದ 50 ಮೀಟರ್ ಎತ್ತರದ 18 ಸೂಪರ್‌ಟ್ರೀಗಳಲ್ಲಿ ಕೆಲವು ಬಿಸಿಲಿನಿಂದ ವಿದ್ಯುತ್ತು ಮಾಡುತ್ತವೆ, ಕೆಲವು ಹೊಗೆಗೊಳವೆಗಳು. ಅಂಗಾತ ಮಲಗಿ ವಿಡಿಯೊ ಮಾಡಿಕೊಂಡದ್ದು ಒಂದು ಚಿಮಣಿಯನ್ನು ಅಂತ ತಿಳಿದಾಗ ನನಗೆ ನಗು ಬಂತು, ಮರದ ಮೇಲಿನ ಪ್ರೀತಿ ಹೆಚ್ಚಿತು ಕೂಡ.

ಇಷ್ಟೆಲ್ಲ ಮಾಡಿ, ಮಾಮೂಲಿ ವಿಧಾನಕ್ಕಿಂತ ಶೇ. 30ರಷ್ಟಾದರೂ ಶಕ್ತಿ ಉಳಿಯುತ್ತದೆ ಎನ್ನುವುದು ಉದ್ಯಾನದವರ ಲೆಕ್ಕ. ಒಪ್ಪೋಣ. ಆದರೆ ಉಳಿತಾಯ ಅಂದರೆ ಖರ್ಚೇ ಇಲ್ಲ ಅಂತಲ್ಲ. ಗುಮ್ಮಟ ಕಟ್ಟದೇ ಇದ್ದಿದ್ದರೆ ಶೇ. 100 ಉಳಿಯುತ್ತಿತ್ತು ಎಂದು ಚಿಕ್ಕಪ್ಪ ಅಂದೇ ಅನ್ನುತ್ತಾರೆ. ಉದ್ಯಾನದವರು ಬಹಳ ಬುದ್ಧಿವಂತಿಕೆಯಿಂದ ಬಿಡಿಸಿದ್ದು ತಾವೇ ಹಾಕಿಕೊಂಡ ಗಂಟನ್ನು. ಆಲಿವ್ ಮರ ನೋಡಲು ಮೆಡಿಟರೇನಿಯನ್ನಿಗೆ ವಿಮಾನ ಹತ್ತದ ಮಕ್ಕಳು ಅದನ್ನು ಇಲ್ಲೇ ಮುಟ್ಟಿ ನೋಡುತ್ತಾರೆ ಎಂಬುದು ನನ್ನ ಪ್ರತಿವಾದ. ಈ ವ್ಯಾಜ್ಯ ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ತಕರಾರಿಲ್ಲದೆ ಇಬ್ಬರೂ ಒಪ್ಪಿದ್ದು ಕೆರೆಗಳನ್ನು. ಡ್ರಾಗನ್‌ಫ್ಲೈ ಲೇಕ್ ಮತ್ತು ಕಿಂಗ್‌ಫಿಶರ್ ಲೇಕ್‌ಗೆ ಟಿಕೆಟ್ಟಿಲ್ಲ, ದೀಪದಾಟವಿಲ್ಲ, ಹಾಗಾಗಿ ಜನವೂ ಕಡಿಮೆ. ಸಮುದ್ರ ತುಂಬಿಸಿ ಮಾಡಿದ ಈ ನೆಲದ ಮೇಲೆ ಸುರಿದ ಮಳೆನೀರು ಗೊಬ್ಬರದ ಸಾರ, ಮಣ್ಣು ಎಲ್ಲ ಹೊತ್ತು ಕೆರೆಗೆ ಬರುತ್ತದೆ. ದಡದ ಜೊಂಡು ನೀರಿನ ಓಟ ತಗ್ಗಿಸಿ ಮಣ್ಣು ಕೂರಿಸುತ್ತದೆ, ಸಾರಜನಕ-ರಂಜಕಗಳನ್ನು ತಾನೇ ಉಂಡುಬಿಡುತ್ತದೆ. ತಿಳಿಯಾದ ನೀರು ಒಂದಿಷ್ಟು ಗಿಡಗಳಿಗೆ, ಮಿಕ್ಕದ್ದು ಮರೀನಾ ಜಲಾಶಯಕ್ಕೆ, ಅಂದರೆ ಒಂದು ದಿನ ನಮ್ಮ ನಲ್ಲಿಗೂ. ಸೊಳ್ಳೆ ಮರಿಗಳನ್ನು ಏರೋಪ್ಲೇನ್ ಚಿಟ್ಟೆಯ ಮರಿಗಳು ನೋಡಿಕೊಳ್ಳುತ್ತವೆ. ಕೆರೆ ಪಕ್ಕದಲ್ಲಿ 2021ರಲ್ಲಿ ಕಾಂಡ್ಲ ಗಿಡಗಳ ಜೌಗು ತೋಟವನ್ನೂ ಮಾಡಿದ್ದಾರೆ; ಅದೃಷ್ಟವಿದ್ದರೆ ನೀರುನಾಯಿಗಳ ಸಂಸಾರ ಕಾಣುತ್ತದೆ. ಇಲ್ಲಿಯ ನಮ್ಮ ಸಂಘದ ಮುಂದಿನ ವಿಹಾರವನ್ನು ಬೆಳಿಗ್ಗೆ ಏಳಕ್ಕೆ ಅಲ್ಲಿಡೋಣ ಎಂದು ಸಮಿತಿಯಲ್ಲಿ ಹೇಳಿದ್ದೇನೆ. ಏಳು ಗಂಟೆ ಎಂಬುದಕ್ಕೆ ಮಾತ್ರ ಇನ್ನೂ ಯಾರೂ ಕೈ ಎತ್ತಿಲ್ಲ.

ಚಿಕ್ಕಪ್ಪ ಊರಿಗೆ ಮರಳಿದ್ದಾರೆ. ಕಳೆದ ವಾರ ನಮ್ಮ ಬ್ಲಾಕಿನ ಎದುರಿನ ಮಳೆಮರದ ರೆಂಬೆಗಳನ್ನು ಸವರಿ ಲಾರಿಗೆ ತುಂಬುತ್ತಿದ್ದರು. ಫೋಟೊ ತೆಗೆದು, "ನೋಡಿ, ನಿಮ್ಮ ಎಸಿಗೆ ಸೌದೆ ಹೊರಟಿದೆ" ಎಂದು ಕಳಿಸಿದೆ. ಹತ್ತು ನಿಮಿಷಕ್ಕೆ ಉತ್ತರ ಬಂತು: "ಅದ್ಯಾಕೋ ಮರ ಕಡೀತಿದಾರೆ?"