ಕ್ರಿಸ್ಮಸ್ ದ್ವೀಪ: ಯಾವ ಹಕ್ಕಿ ಎಲ್ಲಿ ಸಿಗುತ್ತೆ

ಆಸ್ಟ್ರೇಲಿಯಾದ ಕ್ರಿಸ್ಮಸ್ ದ್ವೀಪದ ರಾಷ್ಟ್ರೀಯ ಉದ್ಯಾನಕ್ಕೆ ಹೊರಟಿರುವ ಸದಸ್ಯರ ಗಮನಕ್ಕೆ.

ಮೊದಲು ಅಬಾಟ್ಸ್ ಬೂಬಿ ಎಂಬ ಕಡಲಹಕ್ಕಿ. ಈಗ ಇಡೀ ಜಗತ್ತಿನಲ್ಲಿ ಇದು ಗೂಡು ಕಟ್ಟುವುದು ಈ ದ್ವೀಪದಲ್ಲಿ ಮಾತ್ರ, ಅದೂ ಪ್ರಸ್ಥಭೂಮಿಯ ಮಳೆಕಾಡಿನ ಎತ್ತರದ ಮರಗಳ ನೆತ್ತಿಯಲ್ಲಿ. ಬಿಳಿ ಮೈ, ಕಪ್ಪು ರೆಕ್ಕೆ. ಹೆಣ್ಣಿನ ಕೊಕ್ಕು ಗುಲಾಬಿ, ಗಂಡಿನದು ಬೂದು. ಇಡುವುದು ಒಂದೇ ಮೊಟ್ಟೆ, ಮರಿ ಸ್ವತಂತ್ರವಾಗಲು ಸುಮಾರು ಒಂದು ವರ್ಷ ಬೇಕು. ಹಾಗಾಗಿ ಒಂದು ಮರಿ ಹೋದರೂ ದೊಡ್ಡ ನಷ್ಟ. ಫಾಸ್ಫೇಟ್ ಗಣಿಗಾಗಿ ಕಾಡು ಕಡಿದ ಕಡೆ ಗಾಳಿ ಸುಳಿಸುತ್ತಿ ಮರಿಗಳನ್ನು ಕೆಳಗೆ ಬೀಳಿಸುತ್ತದೆ. ನೆಲಕ್ಕೆ ಬಿದ್ದ ಹಕ್ಕಿಗೆ ಅಲ್ಲಿಂದ ಹಾರಲಾಗದು, ಹಸಿವಿನಿಂದ ಸಾಯುತ್ತದೆ. ಅಂಥದ್ದು ಕಂಡರೆ ಮುಟ್ಟಬೇಡಿ, ಜಾಗ ಗುರುತಿಸಿ ತಕ್ಷಣ ಉದ್ಯಾನದ ಸಿಬ್ಬಂದಿಗೆ ತಿಳಿಸಿ.

ಕಂದು ಬೂಬಿ ಸಮುದ್ರದಂಚಿನ ಬಂಡೆಯ ಮೇಲೆ ನೆಲದಲ್ಲೇ ಗೂಡು ಮಾಡುತ್ತದೆ, ಹೆಜ್ಜೆ ನೋಡಿ ಇಡಿ. ಕೆಂಪುಗಾಲಿನ ಬೂಬಿ ಕರಾವಳಿಯ ಮರಗಳಲ್ಲಿ. ಹೊಂಬಣ್ಣದ ಬೋಸನ್ ಹಕ್ಕಿಗೆ (ಉದ್ದ ಬಾಲದ ಕಡಲಹಕ್ಕಿ) ಕಾಡಿನ ಮರದ ಪೊಟರೆಗಳನ್ನು ಗಮನಿಸಿ.

ಫ್ರಿಗೇಟ್ ಎಂಬ ಕಡಲಹಕ್ಕಿಗಳಲ್ಲಿ ಎಲ್ಲರೂ ಎಡವುವುದು ಗಂಡಿನ ಗುರುತಿನಲ್ಲಿ. ಕಪ್ಪು ಮೈಯಲ್ಲಿ ಹೊಟ್ಟೆಯ ಮೇಲೆ ಮಾತ್ರ ಬಿಳಿ ಮಚ್ಚೆ ಇದ್ದರೆ ಕ್ರಿಸ್ಮಸ್ ಫ್ರಿಗೇಟ್. ಬಿಳಿ ಕಂಕುಳಿಗೆ ಚಾಚಿದ್ದರೆ ಚಿಕ್ಕ ಫ್ರಿಗೇಟ್. ಪೂರ್ತಿ ಕಪ್ಪಾದರೆ ದೊಡ್ಡ ಫ್ರಿಗೇಟ್. ಹೊಟ್ಟೆ ಕಾಣದ ಫೋಟೊ ಹಾಕಿ ಹೆಸರು ಕೇಳಬೇಡಿ, ದಯವಿಟ್ಟು.

ಮಳೆ ಶುರುವಾದಾಗ, ಹೆಚ್ಚಾಗಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಕೆಂಪು ಏಡಿಗಳ ವಲಸೆಗಾಗಿ ರಸ್ತೆಗಳನ್ನು ಮುಚ್ಚುತ್ತಾರೆ. ಬೆಳಿಗ್ಗೆ ಹೊರಡುವ ಮುನ್ನ ಯಾವ ದಾರಿ ತೆರೆದಿದೆ ಎಂದು ವಿಚಾರಿಸಿಕೊಳ್ಳಿ.