ನಮ್ಮ ತಪಾಸಣಾ ವರದಿಯಲ್ಲಿ ಇನ್ನು ‘ಪಾಸ್’ ಎಂಬ ಪದ ಇರುವುದಿಲ್ಲ

ಆತ್ಮೀಯ ಗ್ರಾಹಕರೇ,

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಮುನ್ನ ನೀವು ನಮ್ಮಲ್ಲಿ ಮಾಡಿಸುವ ತಪಾಸಣೆಯ ವರದಿ ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಬದಲಾಗುತ್ತಿದೆ. ಇಷ್ಟು ದಿನ ಪ್ರತಿ ಭಾಗದ ಎದುರು ‘ಪಾಸ್’ ಅಥವಾ ‘ಫೇಲ್’ ಎಂದು ಬರೆದುಕೊಡುತ್ತಿದ್ದೆವು. ಇನ್ನು ಆ ಜಾಗದಲ್ಲಿ ಅಳತೆ ಇರುತ್ತದೆ: ಎಷ್ಟು ಉಳಿದಿದೆ, ಕನಿಷ್ಠ ಎಷ್ಟಿರಬೇಕು, ಎಡಕ್ಕೂ ಬಲಕ್ಕೂ ಎಷ್ಟು ವ್ಯತ್ಯಾಸ. ಜೊತೆಗೆ, ಕಾರನ್ನು ಹಿಂದಿನ ಸಂಜೆಯೇ ತಂದು ಬಿಡಬೇಕಾಗುತ್ತದೆ. ನಿಮ್ಮಲ್ಲಿ ಹೆಚ್ಚಿನವರು ತರುವುದು ಎಂಟು-ಹತ್ತು ವರ್ಷ ಓಡಿದ, ಮುಂದಿನ ಚಕ್ರಗಳಿಗೆ ಡ್ರೈವ್ ಇರುವ ಸಣ್ಣ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಆ ಬಗೆಯ ಕಾರನ್ನೇ ಇಟ್ಟುಕೊಂಡು ಬದಲಾವಣೆಯ ಕಾರಣ ಹೇಳುತ್ತೇವೆ.

ಫಿಟ್‌ನೆಸ್ ಪರೀಕ್ಷೆ ನೋಡುವುದು ಗಾಡಿ ಇವತ್ತು ರಸ್ತೆಗೆ ಇಳಿಯಬಹುದೇ ಎಂಬುದನ್ನು ಮಾತ್ರ. ಕೊಳ್ಳುವವರು ಮುಂದಿನ ಎರಡು ವರ್ಷದ ಖರ್ಚನ್ನೂ ತಿಳಿದುಕೊಳ್ಳಬೇಕು. ಟೈರನ್ನೇ ನೋಡಿ. ಹಳ್ಳದ ಆಳ 1.6 ಮಿ.ಮೀ. ಇದ್ದರೆ ಹೆಚ್ಚಿನ ದೇಶಗಳ ನಿಯಮಕ್ಕೆ ಸಾಕು. ಹೊಸ ಟೈರಿನಲ್ಲಿ ಸುಮಾರು 8 ಮಿ.ಮೀ. ಇರುತ್ತದೆ. 1.8 ಉಳಿದ ಟೈರಿಗೂ 6.5 ಉಳಿದ ಟೈರಿಗೂ ಒಂದೇ ‘ಪಾಸ್’ ಬರೆದುಕೊಟ್ಟರೆ ಚೌಕಾಸಿಗೆ ಕೂತಾಗ ಆ ಕಾಗದದಿಂದ ನಿಮಗೆ ಯಾವ ಉಪಯೋಗವೂ ಇಲ್ಲ. ಇನ್ನು ಮೇಲೆ ಪ್ರತಿ ಟೈರಿನ ಒಳಗಡೆ, ನಡು, ಹೊರಗಡೆ ಮೂರು ಜಾಗದಲ್ಲಿ ಅಳೆದು ಬರೆಯುತ್ತೇವೆ. ಒಳ ಅಂಚು ಮಾತ್ರ ತಿಂದುಹೋಗಿದ್ದರೆ ಅಲೈನ್‌ಮೆಂಟ್ (ಚಕ್ರಗಳ ಕೋನ) ತಪ್ಪಿದೆ ಅಥವಾ ಸಸ್ಪೆನ್ಷನ್ನಿನ ಬುಶ್ (ಕೀಲಿನ ರಬ್ಬರ್ ತುಂಡು) ಹೋಗಿದೆ. ನಡು ಮಾತ್ರ ಸವೆದಿದ್ದರೆ ಬಹಳ ದಿನ ಗಾಳಿ ಹೆಚ್ಚಿತ್ತು ಎಂದರ್ಥ. ಪಕ್ಕದ ಗೋಡೆಯ ಮೇಲಿನ ನಾಲ್ಕಂಕಿ ಸಂಖ್ಯೆಯನ್ನೂ ಬರೆಯುತ್ತೇವೆ. 2319 ಎಂದಿದ್ದರೆ ಆ ಟೈರು 2019ರ 23ನೇ ವಾರದಲ್ಲಿ ತಯಾರಾದದ್ದು.

ಬದಲಾವಣೆ ಹೆಚ್ಚು ಬೇಕಾಗಿದ್ದದ್ದು ಬ್ರೇಕಿನ ವಿಷಯದಲ್ಲಿ. ಚಕ್ರದ ಜೊತೆ ತಿರುಗುವ ಲೋಹದ ಬಿಲ್ಲೆಯೇ ಡಿಸ್ಕು, ಅದನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವುದು ಪ್ಯಾಡು. ಪ್ಯಾಡು ತಾಗದ ಕಾರಣ ಡಿಸ್ಕಿನ ಹೊರ ಅಂಚು ಸವೆಯುವುದಿಲ್ಲ, ಏಣಿನಂತೆ ಎದ್ದು ನಿಲ್ಲುತ್ತದೆ, ಅದರ ಮೇಲೆ ತುಕ್ಕೂ ಕಟ್ಟುತ್ತದೆ. ಮಾಮೂಲಿ ವರ್ನಿಯರ್ (ಎರಡು ದವಡೆಯ ಅಳತೆ ಸಾಧನ) ಹಿಡಿದರೆ ದವಡೆ ಆ ಏಣಿನ ಮೇಲೆಯೇ ಕೂರುತ್ತದೆ. ಡಿಸ್ಕು ಒಳಗೆ ತೆಳ್ಳಗಾಗಿದ್ದರೂ ದಪ್ಪಗಿದೆ ಎಂದೇ ತೋರಿಸುತ್ತದೆ. ಹಾಗಾಗಿ ಚಕ್ರ ಬಿಚ್ಚಿ, ಅಂಚಿನಿಂದ ಸುಮಾರು 10 ಮಿ.ಮೀ. ಒಳಗೆ, ಸುತ್ತಲೂ ನಾಲ್ಕು ಕಡೆ ಮೈಕ್ರೋಮೀಟರಿನಲ್ಲಿ ಅಳೆಯುತ್ತೇವೆ. ಕನಿಷ್ಠ ದಪ್ಪ ಎಷ್ಟು ಎಂಬುದು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಅಚ್ಚಾಗಿರುತ್ತದೆ. ಎರಡೂ ಅಂಕಿ ವರದಿಯಲ್ಲಿ ಅಕ್ಕಪಕ್ಕ ಇರುತ್ತವೆ.

ಚಕ್ರ ಬಿಚ್ಚುವುದಕ್ಕೆ ಇನ್ನೊಂದು ಕಾರಣ ಒಳಗಿನ ಪ್ಯಾಡ್. ಅಲಾಯ್ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಕಾಣುವುದು ಹೊರಗಿನ ಪ್ಯಾಡ್ ಮಾತ್ರ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರುತ್ತಿರಬೇಕು. ಪಿನ್ನಿನ ರಬ್ಬರ್ ಹರಿದು ನೀರು ಸೇರಿದರೆ ಅದು ಹಿಡಿದುಕೊಳ್ಳುತ್ತದೆ. ಆಗ ಪಿಸ್ಟನ್ ಪಕ್ಕದ, ಅಂದರೆ ಒಳಗಿನ ಪ್ಯಾಡೇ ಎಲ್ಲ ಭಾರ ಹೊತ್ತು ಬೇಗ ಮುಗಿಯುತ್ತದೆ. ಹೊರಗೆ 7 ಮಿ.ಮೀ., ಒಳಗೆ 2 ಮಿ.ಮೀ. ಇರುವ ಜೋಡಿ ಈ ವಯಸ್ಸಿನ ಕಾರುಗಳಲ್ಲಿ ಅಪರೂಪವಲ್ಲ. ಹೊಸ ಪ್ಯಾಡ್ ಹಾಕಿದ ಮಾತ್ರಕ್ಕೆ ಇದು ಸರಿಹೋಗುವುದಿಲ್ಲ. ಪಿನ್ ತೆಗೆದು ತುಕ್ಕು ಉಜ್ಜಿ, ರಬ್ಬರ್ ಬದಲಿಸಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಬೇಕು. ಬೇರಿಂಗಿಗೆ ಹಾಕುವ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಂಡು ಪಿನ್ ಮತ್ತೆ ಹಿಡಿಯುತ್ತದೆ.

ಕಾರನ್ನು ಬ್ರೇಕ್ ಪರೀಕ್ಷಿಸುವ ರೋಲರ್ ಯಂತ್ರದ ಮೇಲೆ ನಿಲ್ಲಿಸಿ ನಾಲ್ಕೂ ಚಕ್ರದ ಬ್ರೇಕ್ ಬಲವನ್ನು ಬೇರೆಬೇರೆಯಾಗಿ ಬರೆಯುತ್ತೇವೆ. ಒಂದೇ ಆಕ್ಸಲ್ಲಿನ ಎರಡು ಚಕ್ರಗಳ ನಡುವೆ 30%ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಹಿಂದಿನ ಚಕ್ರಗಳಲ್ಲಿ ಡ್ರಮ್ ಬ್ರೇಕ್ ಇರುವ ಕಾರಿನಲ್ಲಿ ಇಂಥ ವ್ಯತ್ಯಾಸ ಬಂದರೆ ಶೂಗಳನ್ನು (ಡ್ರಮ್ಮಿಗೆ ಉಜ್ಜಿ ನಿಲ್ಲಿಸುವ ಪಟ್ಟಿಗಳು) ತಳ್ಳುವ ವೀಲ್ ಸಿಲಿಂಡರ್ ಸೋರಿ ಅವು ಒದ್ದೆಯಾಗಿವೆಯೇ, ಶೂ ಮತ್ತು ಡ್ರಮ್ಮಿನ ನಡುವಿನ ಸಂದಿ ಸರಿಪಡಿಸುವ ಅಡ್ಜಸ್ಟರ್ ತುಕ್ಕು ಹಿಡಿದಿದೆಯೇ ಎಂದು ಡ್ರಮ್ ತೆಗೆದೇ ನೋಡುತ್ತೇವೆ. ಬ್ರೇಕ್ ಆಯಿಲಿನಲ್ಲಿರುವ ನೀರಿನಂಶವೂ ವರದಿಗೆ ಸೇರಿದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ನೀರು 3.7% ಸೇರಿದಾಗ ಅದೇ ಮಿತಿ 155ಕ್ಕೆ ಇಳಿಯುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಪೆಡಲ್ ಮೆತ್ತಗಾಗಿ ಒಳಗೆ ಹೋಗುವುದಕ್ಕೆ ಹೀಗೆ ಬೇಗ ಕುದಿಯುವ ಆಯಿಲೂ ಒಂದು ಕಾರಣ.

ಕಾರಿನ ಕೆಳಗೆ ನಾವು ಮೊದಲು ಕೈ ಹಾಕುವುದು ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟಿನ ಹೊರ ತುದಿಯ ಜಾಯಿಂಟನ್ನು ಮುಚ್ಚಿರುವ ರಬ್ಬರ್ ಬೂಟಿಗೆ. ಸ್ಟೀರಿಂಗ್ ನೇರ ಇದ್ದಾಗ ಬೂಟ್ ಚೆನ್ನಾಗಿಯೇ ಕಾಣುತ್ತದೆ. ಒಂದು ಕಡೆಗೆ ಪೂರ್ತಿ ತಿರುಗಿಸಿದಾಗ ಮಡಿಕೆ ಬಿಚ್ಚಿಕೊಂಡು ಅದರ ತಳದಲ್ಲಿ ಕೂದಲಿನಂಥ ಬಿರುಕು ಕಾಣಿಸುತ್ತದೆ. ಆಗಲೇ ಒಡೆದಿದ್ದರೆ ರಿಮ್ಮಿನ ಒಳಮೈಗೆ ಕಪ್ಪು ಗ್ರೀಸ್ ಪಟ್ಟಿಯಂತೆ ಸಿಡಿದಿರುತ್ತದೆ. ಬಿರುಕು ಬಿಟ್ಟ ಹಂತದಲ್ಲೇ ಬೂಟ್ ಬದಲಿಸಿದರೆ ಜಾಯಿಂಟ್ ಉಳಿಯುತ್ತದೆ. ಮಣ್ಣು ಒಳಗೆ ಹೋಗಿ, ತಿರುವಿನಲ್ಲಿ ಕಟಕಟ ಸದ್ದು ಶುರುವಾದ ಮೇಲೆ ಜಾಯಿಂಟನ್ನೇ ಹಾಕಿಸಬೇಕು.

ಕಾಯಿಲ್ ಸ್ಪ್ರಿಂಗ್ ಸಾಮಾನ್ಯವಾಗಿ ಮುರಿಯುವುದು ಕೆಳಗಿನ ಕೊನೆಯ ಸುತ್ತಿನಲ್ಲಿ, ಸ್ಪ್ರಿಂಗ್ ಕೂರುವ ತಟ್ಟೆಯೊಳಗೆ ಮುಚ್ಚಿಹೋಗಿರುವ ಜಾಗದಲ್ಲಿ. ಮುರಿದ ತುಂಡು ಅಲ್ಲೇ ಕೂತಿರುವುದರಿಂದ ಓಡಿಸುವವರಿಗೆ ಗೊತ್ತಾಗದೆಯೂ ಇರಬಹುದು. ಚಕ್ರದ ನಡುವಿನಿಂದ ಫೆಂಡರಿನ ಅಂಚಿನವರೆಗೆ ಎರಡೂ ಕಡೆ ಅಳೆದು, ವ್ಯತ್ಯಾಸ 10 ಮಿ.ಮೀ. ಮೀರಿದರೆ ತಟ್ಟೆ ಸ್ವಚ್ಛ ಮಾಡಿ ಬೆರಳಾಡಿಸಿ ನೋಡುತ್ತೇವೆ. ಬಾಲ್ ಜಾಯಿಂಟ್, ಲಿಂಕ್ ರಾಡ್, ಲೋವರ್ ಆರ್ಮಿನ ಹಿಂದಿನ ಬುಶ್, ಸಸ್ಪೆನ್ಷನ್ನಿನ ಈ ಕೀಲುಗಳಿಗೆ ಸಲಾಕೆ ಕೊಟ್ಟು ಮೀಟಿ, ಎಷ್ಟು ಅಲ್ಲಾಡುತ್ತದೆ ಎಂದು ಬರೆಯುತ್ತೇವೆ. ಕೆಳಗೆ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆದಿದ್ದರೆ ಅದು ತುಕ್ಕನ್ನು ಮುಚ್ಚಿರಬಹುದು ಎಂಬ ಅನುಮಾನದಿಂದಲೇ ನೋಡಿ. ತುಕ್ಕು ತಿಂದ ತಗಡು ಸಣ್ಣ ಸುತ್ತಿಗೆಯಲ್ಲಿ ತಟ್ಟಿದಾಗ ಠಣ್ ಎನ್ನುವುದಿಲ್ಲ, ಮೊದ್ದಾಗಿ ಕೇಳುತ್ತದೆ. ಹೆಡ್‌ಲೈಟ್, ವೈಪರ್, ಹಾರ್ನ್, ಬೆಲ್ಟ್‌ಗಳ ತಪಾಸಣೆ ಮೊದಲಿನಂತೆಯೇ ಇರುತ್ತದೆ.

ರಾತ್ರಿ ಕಾರು ನಮ್ಮಲ್ಲೇ ಇರಬೇಕು ಎನ್ನುವುದು ಎಂಜಿನ್ ಪೂರ್ತಿ ತಣ್ಣಗಾಗಲಿ ಎಂದು. ಎಂಜಿನ್ ಆಯಿಲ್ ಸಿಲಿಂಡರಿನೊಳಗೆ ಇಳಿಯದಂತೆ ತಡೆಯುವ ವಾಲ್ವ್ ಸೀಲ್ ಹೋಗಿದ್ದರೆ ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ನೀಲಿ ಹೊಗೆ ಬಂದು ಸ್ವಲ್ಪ ಹೊತ್ತಿನಲ್ಲಿ ಮಾಯವಾಗುತ್ತದೆ. ಎಂಜಿನ್ನಿನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಚೈನ್ ಸಡಿಲವಾದಾಗಿನ ಗಡಗಡ ಸದ್ದೂ ಹಾಗೆಯೇ. ಓಡಿಸಿಕೊಂಡು ಬಂದ ಬಿಸಿ ಎಂಜಿನ್ ಇವೆರಡನ್ನೂ ಮುಚ್ಚಿಡುತ್ತದೆ. ಬ್ಯಾಟರಿ ವೋಲ್ಟೇಜನ್ನೂ ರಾತ್ರಿಯೆಲ್ಲ ನಿಂತ ಮೇಲೆಯೇ ನೋಡಬೇಕು. ಪೂರ್ತಿ ಚಾರ್ಜ್ ಇದ್ದರೆ 12.6 ವೋಲ್ಟಿನ ಆಸುಪಾಸು ಬರುತ್ತದೆ. ಹೊಗೆ ಪರೀಕ್ಷೆಯನ್ನು ಇದಕ್ಕೆ ತದ್ವಿರುದ್ಧವಾಗಿ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮಾಡುತ್ತೇವೆ, ಏಕೆಂದರೆ ಹೊಗೆಯ ವಿಷಾನಿಲ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತಣ್ಣಗಿದ್ದಾಗ ಸರಿಯಾಗಿ ಕೆಲಸ ಮಾಡುವುದಿಲ್ಲ.

ಮಾರುವವರಿಗೆ ಮೂರು ಮಾತು ಮೊದಲೇ ತಿಳಿಸಿ. ತರುವ ಮುನ್ನ ಕೆಳಭಾಗ ಮತ್ತು ಎಂಜಿನ್ ತೊಳೆಸುವುದು ಬೇಡ, ಸೋರಿಕೆಯ ಗುರುತು ಅಳಿಸಿಹೋಗುತ್ತದೆ. ಸ್ಕ್ಯಾನರ್ ಹಾಕಿ ಎರರ್ ಕೋಡ್ ಅಳಿಸುವುದು ಬೇಡ. ಅಳಿಸಿದರೆ ಎಂಜಿನ್ ದೀಪ ಆರುತ್ತದೆ ನಿಜ, ಆದರೆ ಕಂಪ್ಯೂಟರಿನ ಒಳ ಪರೀಕ್ಷೆಗಳು ‘ಪೂರ್ಣವಾಗಿಲ್ಲ’ ಎಂದು ತೋರಿಸುತ್ತವೆ. ಅದನ್ನೂ ವರದಿಯಲ್ಲಿ ಬರೆಯುತ್ತೇವೆ. ಕೀ ಹಾಕಿದಾಗ ಆ ದೀಪ ಹೊತ್ತಿ, ಸ್ಟಾರ್ಟ್ ಆದ ಮೇಲೆ ಆರಬೇಕು. ಮೊದಲಿಗೇ ಹೊತ್ತದಿದ್ದರೆ ಯಾರೋ ತೆಗೆದಿರುವ ಸಾಧ್ಯತೆ ಇದೆ. ಮೂರನೆಯದು, ಎರಡೂ ಕೀ ಮತ್ತು ಸರ್ವಿಸ್ ಪುಸ್ತಕ ಜೊತೆಗಿರಲಿ; ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಾದರೆ ಅದನ್ನು ಬದಲಿಸಿದ ದಿನಾಂಕ, ಕಿಲೋಮೀಟರ್ ಬೇಕೇ ಬೇಕು.

ಕಳೆದ ಆರು ತಿಂಗಳಲ್ಲಿ ಹಳೆಯ ಮಾದರಿಯ ವರದಿ ಪಡೆದವರು ಅದನ್ನು ತೆಗೆದುಕೊಂಡು ಬನ್ನಿ. ಬ್ರೇಕ್ ಮತ್ತು ಟೈರನ್ನು ಮತ್ತೆ ಅಳೆದು ಅಂಕಿಗಳನ್ನು ಸೇರಿಸಿಕೊಡುತ್ತೇವೆ. ಇದಕ್ಕೆ ಹಣ ಕೊಡಬೇಕಿಲ್ಲ, ರಾತ್ರಿ ಕಾರು ಬಿಡುವ ಅಗತ್ಯವೂ ಇಲ್ಲ. ಒಂದು ಗಂಟೆ ಬಿಡುವು ಮಾಡಿಕೊಂಡು ಬಂದರೆ ಸಾಕು.

ಇಂತಿ,
ತಪಾಸಣಾ ವಿಭಾಗದ ತಂತ್ರಜ್ಞರು