ಫೋಟೋ ಮುಚ್ಚಿಟ್ಟರೆ ಕೈ ನಿಲ್ಲುತ್ತೆ ಅಂದೆಯಲ್ಲ

ಮಂಡ್ಯ
ಭಾನುವಾರ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸಮಾಚಾರವನ್ನೆಲ್ಲ ನಿಮ್ಮಪ್ಪ ಫೋನಿನಲ್ಲಿ ಹೇಳಿರುತ್ತಾನೆ, ಮತ್ತೆ ಬರೆಯಲ್ಲ. ನಿನ್ನ ಕಾಗದದ ಕೊನೆಗೆ ಒಂದು ಮಾತು ಬರೆದಿದ್ದೀಯಲ್ಲ, "ಫೋಟೋ ಎದುರಿಗಿದ್ದರೆ ಚಿತ್ರ ಬರೀತೀನಿ, ಮುಚ್ಚಿಟ್ಟರೆ ಕೈ ನಿಂತುಹೋಗುತ್ತೆ. ನನ್ನೊಳಗೆ ಏನೂ ಇಲ್ಲವೇನೋ ದೊಡ್ಡಪ್ಪ" ಅಂತ. ಅದನ್ನು ಓದಿದಾಗಿನಿಂದ ಸಮಾಧಾನ ಇಲ್ಲ.

ಒಳಗೆ ಏನೂ ಇಲ್ಲ ಅನ್ನಬೇಡ ಕಣಮ್ಮ. ಫೋಟೋ ನೋಡಿ ಬರೆಯುವಾಗ ಕಣ್ಣು ಅಂಚಿನ ಗೆರೆಯನ್ನೇ ಹಿಡಿದು ಹೋಗುತ್ತೆ, ಕಿವಿಯಿಂದ ಕೆನ್ನೆಗೆ, ಕೆನ್ನೆಯಿಂದ ಗಲ್ಲಕ್ಕೆ. ಮೂಳೆ ಎಲ್ಲಿ ಮಡಚುತ್ತೆ, ಮೈಭಾರ ಯಾವ ಕಾಲಿನ ಮೇಲೆ ಬಿದ್ದಿದೆ ಅಂತ ಕೇಳುವ ಪ್ರಮೇಯವೇ ಬರಲ್ಲ. ಕೇಳದೇ ಬಿಟ್ಟದ್ದು ನೆನಪಿನಲ್ಲಿ ಉಳಿಯೋದೂ ಇಲ್ಲ.

ನೀನು ಕಳಿಸಿದ ಎರಡು ಎತ್ತುಗಳನ್ನೇ ತಗೋ. ಫೋಟೋ ನೋಡಿ ಬರೆದದ್ದು ಚೆನ್ನಾಗಿದೆ. ನೆನಪಿನಿಂದ ಬರೆದದ್ದರಲ್ಲಿ ಹಿಂಗಾಲು ಮನುಷ್ಯನ ಮೊಣಕಾಲಿನ ಹಾಗೆ ನಡುವೆ ಮುಂದಕ್ಕೆ ಮಡಚಿದೆ. ಎತ್ತಿನ ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿಕೊಂಡಿರುವ ಗೆಣ್ಣು ಮೊಣಕಾಲಲ್ಲ, ನಮ್ಮ ಹಿಮ್ಮಡಿಯ ಜಾಗ ಅದು. ನಿಜವಾದ ಮೊಣಕಾಲು ಮೇಲೆ, ಹೊಟ್ಟೆಯ ಅಂಚಿನ ಹತ್ತಿರ ಇರುತ್ತೆ. ಮುಂಗಾಲಿನ ನಡುವೆ ಮೊಣಕಾಲಿನ ಹಾಗೆ ಕಾಣೋದು ನಮ್ಮ ಮಣಿಕಟ್ಟು. ಗೊರಸು ಅಂದರೆ ಎರಡು ಬೆರಳಿನ ಉಗುರು. ಇಷ್ಟು ತಿಳಿದರೆ ನಿಂತ ಎತ್ತೂ ಬರುತ್ತೆ, ಮಲಗಿದ ಎತ್ತೂ ಬರುತ್ತೆ. ಇನ್ನು ಕೊಂಬು. ನಮ್ಮ ಕಡೆಯ ಹಳ್ಳಿಕಾರ್ ಎತ್ತಿನ ಕೊಂಬುಗಳು ನೆತ್ತಿಯ ಮೇಲೆ ಒಂದಕ್ಕೊಂದು ಹತ್ತಿರದಲ್ಲೇ ಹುಟ್ಟಿ, ಉದ್ದಕ್ಕೆ ಹಿಂದೆ ಹೋಗಿ, ಆಮೇಲೆ ಮುಂದಕ್ಕೆ ಬಾಗಿ ಚೂಪಾಗುತ್ತವೆ. ನಿನ್ನ ಎತ್ತಿಗೆ ಕಿವಿಯ ಮೇಲಿಂದ ಅಕ್ಕಪಕ್ಕಕ್ಕೆ ಬಂದಿವೆ. ಅದು ಎಲ್ಲೋ ನೋಡಿದ ಕಾರ್ಟೂನಿನ ಎತ್ತು. ಗೊತ್ತಿಲ್ಲದ ಜಾಗವನ್ನು ಕೈ ಹಾಗೆ ಸಿಕ್ಕಿದ್ದರಿಂದ ತುಂಬಿಕೊಳ್ಳುತ್ತೆ. ಈಗ ಹೇಳು, ನಿನಗೆ ಕಡಿಮೆಯಾದದ್ದು ಏನು? ಎರಡು ಕೀಲು, ಒಂದು ಕೊಂಬಿನ ಬುಡ. ಅದಕ್ಕೆ "ಒಳಗೆ ಏನೂ ಇಲ್ಲ" ಅನ್ನುವಷ್ಟು ದೊಡ್ಡ ಮಾತು ಬೇಡ.

ಶಿಲ್ಪಿಗಳು ಏನನ್ನು ಎದುರಿಗಿಟ್ಟುಕೊಂಡು ದೇವರನ್ನು ಕಡೆದರು? ನವತಾಳ ಅಂದರೆ ಮೈ ಒಂಬತ್ತು ಮುಖದಷ್ಟು ಉದ್ದ. ಆ ಲೆಕ್ಕದಲ್ಲಿ ಮುಖ 12 ಅಂಗುಲ, ಇಡೀ ಮೈ 108. ಈ ಅಂಗುಲ ಇಂಚಲ್ಲ, ಮುಖದ ಹನ್ನೆರಡರಲ್ಲಿ ಒಂದು ಪಾಲು. ಅಳತೆ ಮನಸ್ಸಿನಲ್ಲಿತ್ತು, ಕೈ ಅದನ್ನು ಹಿಡಿದು ಓಡಿತು. ಒಂದು ಭಾನುವಾರ ಸೋಮನಾಥಪುರಕ್ಕೆ ಹೋಗಿ ಹೊಯ್ಸಳರ ಕಾಲದ ಶಿಲ್ಪಿ ಮಲ್ಲಿತಮ್ಮನ ಹೆಸರಿರುವ ಮೂರ್ತಿಗಳ ಮುಂದೆ ಕೂತು, ಮುಖವನ್ನು ಪೆನ್ಸಿಲಿನಲ್ಲಿ ಅಳೆದು, ಮೈಗೆ ಎಷ್ಟು ಸಲ ಬರುತ್ತೆ ಎಣಿಸಿ ನೋಡು. ಮನುಷ್ಯರಿಗೂ ಲೆಕ್ಕ ಇದೆ. ನಿಂತ ದೊಡ್ಡವರು ಸುಮಾರು ಏಳೂವರೆ ತಲೆಯಷ್ಟು ಎತ್ತರ, ಒಂದು ವರ್ಷದ ಕೂಸು ನಾಲ್ಕು, ಐದು ವರ್ಷದ ಮಗು ಐದರಿಂದ ಆರು. ಕಣ್ಣು ತಲೆಯ ನಡುಮಧ್ಯಕ್ಕೆ ಬರಬೇಕು. ನೀನು ಮೇಲಕ್ಕೆ ಇಡ್ತೀಯ, ಅದಕ್ಕೇ ನೆತ್ತಿ ಚಪ್ಪಟೆಯಾಗಿ ಕಾಣುತ್ತೆ. ಮಣಿಕಟ್ಟಿನಿಂದ ಬೆರಳ ತುದಿಯವರೆಗಿನ ಕೈ, ಗಲ್ಲದಿಂದ ಕೂದಲಂಚಿನವರೆಗಿನಷ್ಟು ಉದ್ದ ಇರಲಿ. ಕಥೆಪುಸ್ತಕಕ್ಕೆ ಚಿತ್ರ ಬರೆಯುವವಳು ನೀನು, ಮಕ್ಕಳು ಕುಳ್ಳಗಿನ ದೊಡ್ಡವರ ಹಾಗೆ ಕಂಡರೆ ಪುಟವೇ ಕೆಡುತ್ತೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ರಜೆಗೆ ಬಂದಾಗ ನಿನ್ನ ಮುಂದೆ ಕ್ಯಾಲೆಂಡರ್ ಇಟ್ಟು, ಚೌಕ ಎಳೆದು, ಚೌಕದಿಂದ ಚೌಕಕ್ಕೆ ಇಳಿಸೋದನ್ನು ಕಲಿಸಿದವನು ನಾನು. ಶಾಲೆಯ ಮಕ್ಕಳಿಗೂ ಅದನ್ನೇ ಕಲಿಸಿದೆ. ಕ್ಯಾಲೆಂಡರ್ ಮಗುಚಿ, ಈಗ ಬರಿ ನೋಡೋಣ ಅಂತ ಒಂದು ಸಲವಾದರೂ ಅನ್ನಬೇಕಿತ್ತು. ಅನ್ನಲಿಲ್ಲ. ನಿನ್ನ ಭಯದಲ್ಲಿ ನನ್ನ ಪಾಲೂ ಇದೆ ಅನ್ನೋದೇ ನನ್ನನ್ನು ಕೊರೀತಿರೋದು.

ಹಾಗಾಗಿ ತಡವಾಗಿಯಾದರೂ ಹೇಳ್ತೀನಿ, ಆಗುವುದಾದರೆ ಮಾಡು. ಈಳಿಗೆ ಮಣೆಯನ್ನೋ ಒರಳನ್ನೋ ಮುಂದಿಟ್ಟುಕೊಂಡು ಐದು ನಿಮಿಷ ಸುಮ್ಮನೆ ನೋಡು, ಪೆನ್ಸಿಲ್ ಮುಟ್ಟಬೇಡ. ಎತ್ತರಕ್ಕೆ ಅಗಲ ಎಷ್ಟು ಪಾಲು, ಅತಿ ಅಗಲದ ಜಾಗ ಎಲ್ಲಿ, ಓರೆ ಯಾವ ಕಡೆಗೆ ಅಂತ ಬಾಯಿಬಿಟ್ಟು ಹೇಳಿಕೋ. ಬೆನ್ನು ತಿರುಗಿಸಿ ಹತ್ತು ನಿಮಿಷ ಬರಿ. ಮುಗಿಸಿದ ಮೇಲೆ ವಸ್ತುವಿನ ಪಕ್ಕ ಹಾಳೆ ಇಟ್ಟು ತಪ್ಪನ್ನು ಕೆಂಪು ಪೆನ್ಸಿಲಿನಲ್ಲಿ ತಿದ್ದು. ರಬ್ಬರ್ ಹಾಕಬೇಡ, ತಪ್ಪು ಕಾಣುತ್ತಲೇ ಇರಬೇಕು. ಮಾರನೆಯ ದಿನ ನೋಡದೆ ಅದನ್ನೇ ಬರಿ, ಮೂರು ದಿನ ಒಂದೇ ವಸ್ತು. ಎಲ್ಲರೂ ಕೆಡೋದು ಎರಡು ಕಡೆ. ನಡುವೆ ಒಂದು ಸಲ ತಿರುಗಿ ನೋಡಿಬಿಡ್ತಾರೆ, ಇಲ್ಲವೇ ಒಟ್ಟು ಆಕಾರ ಕೂರುವ ಮೊದಲೇ ಹಲ್ಲು, ಮೊಳೆ, ನೆರಳು ಅಂತ ಸಣ್ಣದಕ್ಕೆ ಇಳೀತಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಪ್ಯಾರಿಸ್ಸಿನ ಲಕೋಕ್ ದ ಬ್ವಾಬೋದ್ರಾನ್ ಅನ್ನುವ ಮೇಷ್ಟ್ರು ನೆನಪಿನಿಂದ ಬರೆಯೋದನ್ನೇ ಪಾಠ ಮಾಡಿದ್ದರು. ಹೆಸರಾಂತ ಶಿಲ್ಪಿ ರೊದಾನ್ ಈ ಮೇಷ್ಟ್ರ ಶಿಷ್ಯ. ನಿನ್ನ ಕೈ ನಿಲ್ಲೋದಕ್ಕೆ ಅಭ್ಯಾಸದ ಮದ್ದಿದೆ ಅಂತ ಹೇಳೋದಕ್ಕೆ ಇದನ್ನು ಬರೆದೆ.

ಜನರನ್ನು ಬರೆಯೋದಕ್ಕೆ ಮೈಸೂರಿನಲ್ಲಿ ದೇವರಾಜ ಮಾರ್ಕೆಟ್ ಇದೆ. ಹೂ ಕಟ್ಟುವವರ ಕೈ ಮತ್ತೆ ಮತ್ತೆ ಅದೇ ಭಂಗಿಗೆ ಬರುತ್ತೆ, ತಪ್ಪಿದ ಗೆರೆಯನ್ನು ಮತ್ತೊಂದು ಸುತ್ತಿನಲ್ಲಿ ಹಿಡಿಯಬಹುದು. ಒಂದು ಚಿತ್ರಕ್ಕೆ ಒಂದು ನಿಮಿಷ, ಬಾಲ್‌ಪೆನ್ ಸಾಕು. ಮೊದಲ ಗೆರೆ ತಲೆಯಿಂದ ಬೆನ್ನುಹುರಿಯ ಮೇಲೆ ಇಳಿದು ಭಾರ ಹೊತ್ತ ಕಾಲಿಗೆ ಮುಟ್ಟಲಿ. ಒಂಟಿಕಾಲಿನ ಮೇಲೆ ಭಾರ ಬಿಟ್ಟು ನಿಂತವರ ಕತ್ತಿನ ಗುಳಿಯಿಂದ ದಾರ ಇಳಿಬಿಟ್ಟರೆ ಆ ಪಾದದ ಹತ್ತಿರ ಬೀಳಬೇಕು. ಬೀಳದಿದ್ದರೆ ಚಿತ್ರದ ಮನುಷ್ಯ ಜೋಲಿ ಹೊಡೀತಾನೆ. ಮನೆಗೆ ಬಂದು ರಾತ್ರಿ ಅದರಲ್ಲಿ ಎರಡನ್ನು ಪುಸ್ತಕ ಮುಚ್ಚಿ ಬರಿ.

ಫೋಟೋ ಬಿಟ್ಟುಬಿಡು ಅಂತ ಅಲ್ಲ ಕಣಮ್ಮ. ಮೈಸೂರು ಅರಮನೆಯ ಕಲ್ಯಾಣ ಮಂಟಪದಲ್ಲಿರುವ ದಸರಾ ಮೆರವಣಿಗೆಯ ಚಿತ್ರಗಳಿಗೂ ಫೋಟೋಗಳೇ ಆಧಾರ. ಆಗಿನ ಫೋಟೋ ಕಪ್ಪು ಬಿಳುಪು. ಆ ಬಣ್ಣವೆಲ್ಲ ಎಲ್ಲಿಂದ ಬಂತು ಅಂತ ಅಲ್ಲಿ ನಿಂತು ಯೋಚಿಸು. ನೀನೇ ಫೋಟೋ ತೆಗೆಯುವುದಾದರೆ ಮುಖಕ್ಕೆ ಹತ್ತಿರ ಹೋಗಬೇಡ, ಮೊಬೈಲಿನಲ್ಲಿ ಮೂಗು ದಪ್ಪವಾಗಿ ಕಿವಿ ಹಿಂದೆ ಸರಿಯುತ್ತೆ. ಆರೇಳು ಅಡಿ ದೂರ ನಿಂತು ಜೂಮ್ ಮಾಡು. ನೆರಳಿನ ಭಾಗ ಫೋಟೋದಲ್ಲಿ ಕಪ್ಪು ಮುದ್ದೆಯಾಗಿರುತ್ತೆ, ಅದನ್ನು ಹಾಗೇ ಇಳಿಸಬೇಡ.

ಮತ್ತೆ ಆ ಭಯ ಬಂದರೆ, ಕೈ ಯಾವ ಜಾಗದಲ್ಲಿ ನಿಂತಿತು ಅಂತ ಹಾಳೆಯ ಮೇಲೆ ಒಂದು ಚುಕ್ಕಿ ಇಡು. ಮೊಣಕೈಯಲ್ಲೋ, ಪಾದದಲ್ಲೋ, ಕುರ್ಚಿಯ ಹಿಂದಿನ ಕಾಲಲ್ಲೋ. ಮರುದಿನ ಹೋಗಿ ಅಷ್ಟನ್ನು ಮಾತ್ರ ನೋಡಿಕೊಂಡು ಬಾ.

ಊರಿಗೆ ಬರುವಾಗ ಕೆಂಪು ಗೆರೆಯ ಹಾಳೆಗಳನ್ನೇ ತಾ, ಚೆನ್ನಾಗಿ ಬಂದವು ಬೇಡ. ಪಕ್ಕದ ಮನೆಯವರ ಜೋಡಿ ಎತ್ತು ಹಿತ್ತಲಲ್ಲಿ ಕಟ್ಟಿರುತ್ತೆ. ಬೆಳಿಗ್ಗೆ ಬೇಗ ಎದ್ದರೆ ಅವು ಮಲಗಿರುವಾಗಲೇ ನೋಡಬಹುದು.

ಇಂತಿ,
ನಿನ್ನ ದೊಡ್ಡಪ್ಪ